ಅವರ ಹಾಡು ಅವರೇ ಬರೆಯಲಿ

ಹೆತ್ತವರಿಂದ ದೂರವಾಗಿ ಸರ್ಕಾರದ ಪಾಲನೆಯಲ್ಲಿ ಬೆಳೆಯುವ ಮಕ್ಕಳಿಗೆ ಹೀಯಾಳಿಕೆ ದಿನನಿತ್ಯದ ಕಾಟ. ಬ್ರಿಟನ್ನಿನಲ್ಲಿ ಇಂಥ ಮಕ್ಕಳು ಅದಕ್ಕೆ ಹಾಡು ಕಟ್ಟಿ ಉತ್ತರ ಕೊಡಲು ಕಲಿಯುತ್ತಿದ್ದಾರೆ. ಅವರಿಂದ ನಮ್ಮ ಬಾಲಮಂದಿರಗಳೂ ಕಲಿಯಬೇಕಾದದ್ದಿದೆ.

ಶಾಲೆ ಬಿಟ್ಟ ಹೊತ್ತು. ಗೇಟಿನ ಹೊರಗೆ ಅಪ್ಪ, ಅಮ್ಮ, ಅಜ್ಜಿಯರು ಕಾಯುತ್ತಿರುತ್ತಾರೆ. ಒಬ್ಬ ಹುಡುಗನನ್ನು ಮಾತ್ರ ದಿನವೂ ಟ್ಯಾಕ್ಸಿಯೊಂದು ಬಂದು ಕರೆದೊಯ್ಯುತ್ತದೆ. ಪಾಠ ನಡೆಯುತ್ತಿರುವಾಗಲೇ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಸಮಾಜ ಕಾರ್ಯಕರ್ತರು ತರಗತಿಯ ಬಾಗಿಲಿಗೆ ಬಂದು ಅವನ ಹೆಸರು ಕೂಗುತ್ತಾರೆ. ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಉಳಿಯಲು ಅವನಿಗೆ ಎಷ್ಟೋ ಸಲ ಕಚೇರಿಯ ಒಪ್ಪಿಗೆ ಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸುವ ದಿನ ಬಟ್ಟೆ, ಪುಸ್ತಕ, ಆಟಿಕೆ ಎಲ್ಲವನ್ನೂ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುರುಕಲಾಗುತ್ತದೆ.

ಬ್ರಿಟನ್ನಿನಲ್ಲಿ ಸರ್ಕಾರದ ಪಾಲನೆಯಲ್ಲಿ ಬೆಳೆದವರು ತಮ್ಮ ಬಾಲ್ಯದ ಬಗ್ಗೆ ಮತ್ತೆ ಮತ್ತೆ ಹೇಳುವ ಸಂಗತಿಗಳಿವು. ಕಪ್ಪು ಚೀಲದ ಅವಮಾನ ತಪ್ಪಿಸಬೇಕೆಂದೇ ಉತ್ತರ ಐರ್ಲೆಂಡಿನಲ್ಲಿ 2015ರಲ್ಲಿ ‘ಮ್ಯಾಡ್‌ಲಗ್’ ಎಂಬ ಸಂಸ್ಥೆ ಹುಟ್ಟಿತು. ತಾನು ಮಾರುವ ಪ್ರತಿ ಬ್ಯಾಗಿಗೂ ಒಂದರಂತೆ ಪಾಲನೆಯಲ್ಲಿರುವ ಮಗುವಿಗೆ ಒಳ್ಳೆಯ ಬ್ಯಾಗು ಕೊಡುವುದು ಅದರ ಕೆಲಸ.

ಇಂಗ್ಲೆಂಡ್ ಒಂದರಲ್ಲೇ ಹೀಗೆ ಪಾಲನೆಯಲ್ಲಿರುವ ಮಕ್ಕಳು 80 ಸಾವಿರಕ್ಕೂ ಹೆಚ್ಚು. ಹೆತ್ತವರು ತೀರಿಕೊಂಡಿರಬಹುದು, ಜೈಲಿನಲ್ಲಿರಬಹುದು, ಕಾಯಿಲೆಗೋ ಕುಡಿತಕ್ಕೋ ಬಿದ್ದಿರಬಹುದು, ಮಗುವನ್ನು ಹಿಂಸಿಸಿರಬಹುದು. ಆಗ ಸ್ಥಳೀಯ ಆಡಳಿತ ಮಗುವಿನ ಹೊಣೆ ಹೊರುತ್ತದೆ. ಹೆಚ್ಚಿನವರು ಸಾಕು ಕುಟುಂಬಗಳಲ್ಲಿ, ಉಳಿದವರು ಮಕ್ಕಳ ವಸತಿಗೃಹಗಳಲ್ಲಿ ಅಥವಾ ಬಂಧುಗಳ ಮನೆಯಲ್ಲಿ ಬೆಳೆಯುತ್ತಾರೆ. ಮಗು ಮಾಡಿದ ತಪ್ಪು ಇದರಲ್ಲಿ ಒಂದೂ ಇಲ್ಲ. ಆದರೆ ತರಗತಿಯ ಲೆಕ್ಕವೇ ಬೇರೆ. ‘ನಿಮ್ಮಮ್ಮನಿಗೇ ನೀನು ಬೇಡವಾದೆಯಂತೆ’ ಎಂಬ ಒಂದು ಮಾತು ಸಾಕು, ವರ್ಷವಿಡೀ ಚುಚ್ಚಲು. ಹೊಸ ಮನೆಗೆ ಹೋದರೆ ಹೊಸ ಶಾಲೆ, ಹೊಸ ಶಾಲೆಗೆ ಹೋದರೆ ಮತ್ತೆ ಅದೇ ಪ್ರಶ್ನೆ. ಬೇರೆ ಮಕ್ಕಳಿಗೆ ಮನೆಯಾದರೂ ಆಸರೆ. ವಸತಿಗೃಹದ ಹುಡುಗನಿಗೆ ಸಂಜೆಯ ಮೇಲೂ ಕಾಟ ತಪ್ಪದಿರಬಹುದು, ಏಕೆಂದರೆ ಕಾಡುವವನ ಹಾಸಿಗೆ ಎಷ್ಟೋ ಸಲ ಪಕ್ಕದ ಕೋಣೆಯಲ್ಲೇ ಇರುತ್ತದೆ.

ಪ್ರತಿ ವರ್ಷ ನವೆಂಬರಿನಲ್ಲಿ ಬ್ರಿಟನ್ನಿನ ಶಾಲೆಗಳು ಬುಲ್ಲಿಯಿಂಗ್ (ಹೀಯಾಳಿಕೆ, ಕಾಟ) ವಿರೋಧಿ ಸಪ್ತಾಹ ಆಚರಿಸುತ್ತವೆ. 2002ರಲ್ಲಿ ರೂಪುಗೊಂಡ ‘ಆ್ಯಂಟಿ ಬುಲ್ಲಿಯಿಂಗ್ ಅಲಯನ್ಸ್’ ಇದರ ಮುಂದಾಳು. ಆ ವಾರದಲ್ಲಿ ಒಂದು ದಿನ ಮಕ್ಕಳು ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಬಂದು, ಒಬ್ಬೊಬ್ಬರೂ ಬೇರೆ ಬೇರೆಯಾಗಿರುವುದೇ ಚಂದ ಎಂದು ಸಾರುತ್ತಾರೆ. ಒಳ್ಳೆಯ ಆಚರಣೆಯೇ. ಆದರೆ ದಿನವೂ ‘ಬೇರೆ’ಯಾಗಿಯೇ ಬದುಕುವ ಮಗುವಿಗೆ ಒಂದು ದಿನದ ಬಣ್ಣದ ಕಾಲುಚೀಲ ಸಾಲದು. ಅದಕ್ಕೆ ತನ್ನ ಮಾತು ಬೇಕು. ಆ ಮಾತಿಗೆ ಅನೇಕ ಮಕ್ಕಳು ಕಂಡುಕೊಂಡ ದಾರಿ ಹಾಡು.

ಹಾಡಿದ್ದರು, ಆದರೆ ಯಾರ ಹಾಡು?

ಅನಾಥ ಮಕ್ಕಳೂ ಸಂಗೀತವೂ ಒಟ್ಟಿಗೆ ನಡೆದುಬಂದ ಕಥೆ ತುಂಬ ಹಳೆಯದು. ವೆನಿಸ್ ನಗರದ ‘ಒಸ್ಪೆದಾಲೆ ದೆಲ್ಲಾ ಪಿಯೆತಾ’ ಹೆತ್ತವರು ತೊರೆದುಹೋದ ಶಿಶುಗಳನ್ನು ಸಾಕುತ್ತಿದ್ದ ಸಂಸ್ಥೆ. ಖ್ಯಾತ ಸಂಗೀತಕಾರ ಆಂಟೋನಿಯೊ ವಿವಾಲ್ಡಿ 1703ರಲ್ಲಿ ಅಲ್ಲಿ ಪಿಟೀಲಿನ ಮೇಷ್ಟ್ರಾಗಿ ಸೇರಿದರು. ಅಲ್ಲಿನ ಹುಡುಗಿಯರ ಗಾಯನ ಕೇಳಲು ಯುರೋಪಿನ ಸಿರಿವಂತರು ಬರುತ್ತಿದ್ದರು. ಹುಡುಗಿಯರು ಹಾಡುತ್ತಿದ್ದುದು ಲೋಹದ ಜಾಲರಿಯ ಹಿಂದೆ ನಿಂತು. ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧಳಾದವಳಿಗೆ ಮನೆತನದ ಹೆಸರೇ ಇರಲಿಲ್ಲ. ಜನ ಅವಳನ್ನು ‘ಪಿಟೀಲಿನ ಆನ್ನಾ ಮರಿಯಾ’ ಎಂದು ಕರೆದರು.

ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ವರ್ಷಗಟ್ಟಲೆ ಹೋರಾಡಿ 1739ರಲ್ಲಿ ರಾಜಾಜ್ಞೆ ಪಡೆದು ‘ಫೌಂಡ್ಲಿಂಗ್ ಹಾಸ್ಪಿಟಲ್’ ಕಟ್ಟಿದರು. ಹೆಸರಿನಲ್ಲಿ ಆಸ್ಪತ್ರೆ ಇದ್ದರೂ ಅದು ತಾಯಂದಿರು ಸಾಕಲಾರದೆ ಒಪ್ಪಿಸಿದ ಶಿಶುಗಳ ಮನೆ. ಒಳಗೆ ಬಂದ ಮಗುವಿಗೆ ಮತ್ತೆ ನಾಮಕರಣ ಮಾಡಿ ಹೊಸ ಹೆಸರಿಡುತ್ತಿದ್ದರು. 1749ರಲ್ಲಿ ಸಂಗೀತಕಾರ ಹ್ಯಾಂಡೆಲ್ ಈ ಸಂಸ್ಥೆಗಾಗಿ ಸಂಗೀತ ಕಚೇರಿ ನಡೆಸಿ ಹಣ ಕೂಡಿಸಿಕೊಟ್ಟರು. ಮರುವರ್ಷದಿಂದ ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ ಅವರ ‘ಮೆಸ್ಸಾಯ’ ಗಾಯನಕೃತಿ ಪ್ರತಿ ವರ್ಷ ಮೊಳಗಿತು. ಮಕ್ಕಳು ಭಾನುವಾರಗಳಂದು ಹಾಡುವುದನ್ನು ಕೇಳಲು ಲಂಡನ್ನಿನ ಗಣ್ಯರು ಬರುತ್ತಿದ್ದರು, ಕೇಳಿ ಕಾಣಿಕೆ ಕೊಡುತ್ತಿದ್ದರು.

ಅಮೆರಿಕದಲ್ಲೂ ಇದೇ ಬಗೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 1891ರಲ್ಲಿ ಶುರುವಾದ ಜೆಂಕಿನ್ಸ್ ಅನಾಥಾಲಯದ ಕಪ್ಪು ವರ್ಣದ ಹುಡುಗರು ಬೀದಿಬೀದಿಯಲ್ಲಿ ಬ್ಯಾಂಡು ನುಡಿಸಿ ತಮ್ಮ ಸಂಸ್ಥೆಯ ಹೊಟ್ಟೆ ಹೊರೆದರು. ಲೂಯಿ ಆರ್ಮ್‌ಸ್ಟ್ರಾಂಗ್ 11ರ ಹುಡುಗನಾಗಿದ್ದಾಗ, 1913ರ ಜನವರಿಯಲ್ಲಿ, ನ್ಯೂ ಆರ್ಲಿಯನ್ಸ್‌ನ ಮಕ್ಕಳ ಸುಧಾರಣಾಲಯ ಸೇರಿದ. ಅಲ್ಲಿನ ಬ್ಯಾಂಡ್ ಮಾಸ್ತರು ಪೀಟರ್ ಡೇವಿಸ್ ಅವನ ಕೈಗೆ ಕಾರ್ನೆಟ್ ಕೊಟ್ಟರು. ಜಾಝ್ ಸಂಗೀತದ ದಿಕ್ಕು ಬದಲಾಯಿತು. ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್‌ಗೆ ಅಷ್ಟೂ ಸಿಗಲಿಲ್ಲ. ತಾಯಿಯನ್ನು ಕಳೆದುಕೊಂಡ ಆಕೆಯನ್ನು ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ತರಬೇತಿ ಶಾಲೆಯಲ್ಲಿಟ್ಟಿದ್ದರು. ಆ ಶಾಲೆಯ ಗಾಯನವೃಂದದಲ್ಲಿ ಬಿಳಿಯ ಹುಡುಗಿಯರಿಗೆ ಮಾತ್ರ ಜಾಗ. ಮುಂದೆ ಜಗತ್ತೇ ಕಿವಿಗೊಟ್ಟ ಕಂಠಕ್ಕೆ ಅಲ್ಲಿ ಹಾಡುವ ಅವಕಾಶವೇ ಇರಲಿಲ್ಲ. 1934ರ ನವೆಂಬರಿನಲ್ಲಿ ಹಾರ್ಲೆಮ್‌ನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆ ಗೆದ್ದಾಗ ಆಕೆಗೆ 17 ವರ್ಷ.

ಈ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಕ್ಕಳಿಗೆ ಸಂಗೀತ ಕಲಿಸಿದರು, ವೇದಿಕೆ ಕೊಟ್ಟರು, ಚಪ್ಪಾಳೆಯನ್ನೂ ತಟ್ಟಿದರು. ಆದರೆ ಹಾಡು ದೊಡ್ಡವರದು. ಕೃತಜ್ಞತೆಯ ಹಾಡು, ಪ್ರಾರ್ಥನೆಯ ಹಾಡು, ಕಾಣಿಕೆ ತರುವ ಹಾಡು. ‘ನನಗೆ ಹೀಗಾಯಿತು’ ಎನ್ನುವ ಸಾಲಿಗೆ ಅಲ್ಲಿ ಎಡೆಯಿರಲಿಲ್ಲ. ಈಗ ಆಗುತ್ತಿರುವ ಬದಲಾವಣೆ ಇಲ್ಲಿಯೇ: ಹಾಡುವ ಮಗು ಬರೆಯುವ ಮಗುವೂ ಆಗುತ್ತಿದೆ.

ಕಡತ ಒಂದು ಕಡೆ, ಕವಿತೆ ಒಂದು ಕಡೆ

ಪಾಲನೆಯಲ್ಲಿ ಬೆಳೆಯುವ ಮಗುವಿನ ಹೆಸರಿನಲ್ಲಿ ಒಂದು ಕಡತ ಇರುತ್ತದೆ. ಮಗು ಎಲ್ಲಿತ್ತು, ಹೇಗೆ ನಡೆದುಕೊಂಡಿತು, ಯಾಕೆ ಅಲ್ಲಿಂದ ಕಳಿಸಲಾಯಿತು ಎಲ್ಲವೂ ಅದರಲ್ಲಿ ದಾಖಲು. ಬರೆಯುವವರು ಅಧಿಕಾರಿಗಳು. ಮಗುವಿನ ಕಥೆಯನ್ನು ಮಗುವಿಗಿಂತ ಹೆಚ್ಚು ಬೇರೆಯವರೇ ಹೇಳುತ್ತಾರೆ. ಹೀಯಾಳಿಸುವವರು ಮಾಡುವುದೂ ಅದೇ: ಅವನ ಬಗ್ಗೆ ಒಂದು ಕಥೆ ಕಟ್ಟಿ ಊರೆಲ್ಲ ಹಬ್ಬಿಸುತ್ತಾರೆ.

ಇಂಗ್ಲಿಷ್ ಕವಿ ಲೆಮ್ ಸಿಸ್ಸೆ ಅವರ ಬದುಕು ಇದಕ್ಕೆ ದೊಡ್ಡ ಸಾಕ್ಷಿ. ಇಥಿಯೋಪಿಯಾದಿಂದ ಓದಲು ಬಂದಿದ್ದ ತಾಯಿಗೆ 1967ರಲ್ಲಿ ಹುಟ್ಟಿದವರು ಅವರು. ಓದು ಮುಗಿಯುವವರೆಗೆ ಮಗುವನ್ನು ನೋಡಿಕೊಳ್ಳಿ ಎಂದು ತಾಯಿ ಕೇಳಿಕೊಂಡಿದ್ದರು. ಅಧಿಕಾರಿಗಳು ಮಗುವಿಗೆ ‘ನಾರ್ಮನ್’ ಎಂದು ಬೇರೆ ಹೆಸರಿಟ್ಟು ಸಾಕು ಕುಟುಂಬವೊಂದಕ್ಕೆ ಕೊಟ್ಟುಬಿಟ್ಟರು. 12ನೇ ವಯಸ್ಸಿನಲ್ಲಿ ಆ ಕುಟುಂಬವೂ ಕೈಬಿಟ್ಟಿತು. ಮುಂದಿನ ವರ್ಷಗಳು ಒಂದಾದಮೇಲೊಂದು ವಸತಿಗೃಹದಲ್ಲಿ ಕಳೆದವು. ಬಿಳಿಯರ ಊರುಗಳಲ್ಲಿ ಕಪ್ಪು ಹುಡುಗನಾಗಿ, ಹೆತ್ತವರಿಲ್ಲದ ಹುಡುಗನಾಗಿ ಅವರು ಎರಡೆರಡು ಬಗೆಯ ಅವಮಾನ ಉಂಡರು. ಕವಿತೆ ಬರೆಯುವುದೊಂದೇ ಅವರಿಗೆ ಉಳಿದ ಆಸರೆ. ನಿರುದ್ಯೋಗ ಭತ್ಯೆಯ ಹಣದಲ್ಲಿ ಮೊದಲ ಕವಿತೆಗಳ ಪುಟ್ಟ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ಮಾರಿದರು.

ತಮ್ಮ ಕಡತಕ್ಕಾಗಿ ದಶಕಗಳ ಕಾಲ ಬಡಿದಾಡಿ 2015ರಲ್ಲಿ ಅದನ್ನು ಪಡೆದರು. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಪತಿಯಾದರು. 2019ರಲ್ಲಿ ಬಂದ ಅವರ ಆತ್ಮಕಥೆ ‘ಮೈ ನೇಮ್ ಈಸ್ ವೈ’ಯಲ್ಲಿ ಕಡತದ ಹಾಳೆಗಳೂ ಅವರ ಮಾತೂ ಅಕ್ಕಪಕ್ಕದಲ್ಲಿ ನಿಂತಿವೆ. ಅಧಿಕಾರಿ ‘ಹಟಮಾರಿ’ ಎಂದು ಕಂಡ ಹುಡುಗನ ಎದೆಯಲ್ಲಿ ಆ ದಿನ ಏನಿತ್ತು ಎಂಬುದು ಅಲ್ಲಿ ಓದುಗನಿಗೆ ಕಾಣುತ್ತದೆ.

ಹಳೆಯ ಫೌಂಡ್ಲಿಂಗ್ ಹಾಸ್ಪಿಟಲ್‌ನ ನೆನಪಿಗೆ ಲಂಡನ್ನಿನಲ್ಲಿ ಈಗ ಮ್ಯೂಸಿಯಂ ಇದೆ. ಅದರ ಗೋಡೆಯ ಮೇಲೆ 2014ರಲ್ಲಿ ಸಿಸ್ಸೆ ಅವರ ಕವಿತೆಯೊಂದನ್ನು ಬರೆಸಲಾಯಿತು. ಸೂಪರ್‌ಮ್ಯಾನ್ ಮೊದಲಾಗಿ ಮಕ್ಕಳು ಪ್ರೀತಿಸುವ ಕಥಾನಾಯಕರಲ್ಲಿ ಎಷ್ಟು ಮಂದಿ ಬೇರೆಯವರ ಮನೆಯಲ್ಲಿ ಬೆಳೆದವರು ಎಂದು ಅದು ನೆನಪಿಸುತ್ತದೆ. ಈ ಮಾತು ನಮಗೂ ಹೊಸದಲ್ಲ. ರಂಗಮಂಟಪದಲ್ಲಿ ಕುಲ ಕೇಳಿ ಕರ್ಣನ ತಲೆ ತಗ್ಗಿಸಿದ ಸನ್ನಿವೇಶ ಓದಿ ಕಣ್ಣೀರು ಹಾಕುವ ನಾಡು ನಮ್ಮದು. ಪಂಪನಿಂದ ಹಿಡಿದು ನಮ್ಮ ಕವಿಗಳು ಕರ್ಣನಿಗೆ ಕೊಟ್ಟಷ್ಟು ಗೌರವವನ್ನು ನಮ್ಮ ತರಗತಿಗಳು ಬಾಲಮಂದಿರದ ಹುಡುಗನಿಗೆ ಕೊಟ್ಟಿವೆಯೇ?

ಹಾಡಿನ ಲೋಕದಲ್ಲೂ ಇಂಥವರಿದ್ದಾರೆ. ಡ್ರಮ್ ಆ್ಯಂಡ್ ಬಾಸ್ ಸಂಗೀತದ ಹರಿಕಾರರಲ್ಲೊಬ್ಬರಾದ ಗೋಲ್ಡಿ ಇಂಗ್ಲೆಂಡಿನ ಸಾಕು ಕುಟುಂಬಗಳಲ್ಲಿ, ಮಕ್ಕಳ ವಸತಿಗೃಹಗಳಲ್ಲಿ ಬೆಳೆದವರು. 1998ರ ಆಲ್ಬಂನಲ್ಲಿ ಅವರು ತಾಯಿಯನ್ನು ಕುರಿತೇ ಸುಮಾರು ಒಂದು ಗಂಟೆಯ ಕೃತಿ ರಚಿಸಿದರು. ಅಮೆರಿಕದ ಜಿಮ್ಮಿ ವೇಯ್ನ್ ಸಾಕು ಕುಟುಂಬಗಳ ನಡುವೆ ಅಲೆದು, ಬೀದಿಯಲ್ಲೂ ಬದುಕಿ, 16ರ ವಯಸ್ಸಿನಲ್ಲಿ ವೃದ್ಧ ದಂಪತಿಯೊಬ್ಬರ ಆಶ್ರಯ ಪಡೆದು ಓದಿದವರು. ಕಂಟ್ರಿ ಗಾಯಕರಾಗಿ ಹೆಸರು ಮಾಡಿದ ಮೇಲೆ, 2010ರಲ್ಲಿ, ನ್ಯಾಶ್‌ವಿಲ್‌ನಿಂದ ಫೀನಿಕ್ಸ್‌ವರೆಗೆ ಸುಮಾರು 2,700 ಕಿ.ಮೀ. ನಡೆದರು. 18 ತುಂಬಿದ ಕೂಡಲೇ ಮಕ್ಕಳನ್ನು ಪಾಲನೆಯಿಂದ ಹೊರಗೆ ಹಾಕುವುದು ಎಷ್ಟು ಕ್ರೂರ ಎಂದು ಜನರಿಗೆ ತಿಳಿಸುವುದು ಆ ನಡಿಗೆಯ ಉದ್ದೇಶ. ಅವರ ತವರು ಉತ್ತರ ಕೆರೊಲಿನಾ 2015ರಲ್ಲಿ ಕಾನೂನು ಮಾಡಿ ಪಾಲನೆಯ ನೆರವನ್ನು 21ರವರೆಗೆ ವಿಸ್ತರಿಸಿತು.

ಹಾಡು ಹುಟ್ಟುವ ಬಗೆ

ಎಲ್ಲ ಮಕ್ಕಳೂ ಗೋಲ್ಡಿ ಆಗಬೇಕಿಲ್ಲ. ಹಾಡು ಕಟ್ಟುವ ಕಮ್ಮಟಗಳ ಗುರಿಯೂ ಅದಲ್ಲ. ಇಂಗ್ಲೆಂಡಿನಲ್ಲಿ 1999ರಲ್ಲಿ ಲಾಟರಿ ನಿಧಿಯ ನೆರವಿನಿಂದ ಶುರುವಾದ ‘ಯೂತ್ ಮ್ಯೂಸಿಕ್’ ಇಂಥ ಕೆಲಸಗಳಿಗೆ ಹಣ ಒದಗಿಸುತ್ತ ಬಂದಿದೆ. ಒಂದು ಸಣ್ಣ ಗುಂಪು, ಮಕ್ಕಳ ಜೊತೆ ಕೆಲಸ ಮಾಡಿ ಬಲ್ಲ ಒಬ್ಬ ಸಂಗೀತಗಾರ, ಮಕ್ಕಳಿಗೆ ಪರಿಚಿತರಾದ ಒಬ್ಬ ಹಿರಿಯರು, ಒಂದು ಲ್ಯಾಪ್‌ಟಾಪ್, ಮೈಕು, ಗಿಟಾರು ಇದ್ದರೆ ಸಾಕು.

ಮೊದಲ ದಿನ ‘ನಿಮಗೆ ಯಾರು ಕಾಟ ಕೊಟ್ಟರು, ಹೇಳಿ’ ಎಂದು ಕೇಳುವುದಿಲ್ಲ. ತಾಳ ಹುಡುಕುವುದರಿಂದ ಕೆಲಸ ಶುರು. ಮೇಜು ಬಡಿದು, ಲ್ಯಾಪ್‌ಟಾಪಿನಲ್ಲಿ ಬೀಟ್ ಜೋಡಿಸಿ, ಯಾವ ಲಯ ಹಿಡಿಸಿತು ಎಂದು ಮಕ್ಕಳೇ ಆರಿಸುತ್ತಾರೆ. ಆಮೇಲೆ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಒಂದೊಂದೇ ಪದ ಬರುತ್ತದೆ: ಟ್ಯಾಕ್ಸಿ, ಚೀಲ, ಕಾರಿಡಾರ್, ಪಿಸುಮಾತು. ಬರೆಯಲು ಹಿಂಜರಿಯುವ ಮಗುವಿಗೆ ಅರ್ಧ ಸಾಲು ಕೊಟ್ಟು ಉಳಿದರ್ಧವನ್ನು ತುಂಬಿಸಲು ಹೇಳುತ್ತಾರೆ. ಇನ್ನೊಬ್ಬಳು ತನಗೆ ಗೊತ್ತಿರುವ ಧಾಟಿಗೆ ಹೊಸ ಮಾತು ಕೂರಿಸುತ್ತಾಳೆ. ಮತ್ತೊಬ್ಬನಿಗೆ ರ‍್ಯಾಪ್ ಸಲೀಸು. ಸಂಗೀತ ಚಿಕಿತ್ಸೆಯ ತಜ್ಞರು ಈ ವಿಧಾನಗಳನ್ನು ಶಾಸ್ತ್ರೀಯವಾಗಿ ಬೆಳೆಸಿದ್ದಾರೆ. ಫೆಲಿಸಿಟಿ ಬೇಕರ್ ಮತ್ತು ಟೋನಿ ವಿಗ್ರಾಮ್ ಸಂಪಾದಿಸಿದ 2005ರ ಪುಸ್ತಕವೇ ಹಾಡು ಕಟ್ಟುವ ಚಿಕಿತ್ಸಾ ಕ್ರಮಗಳನ್ನು ಕುರಿತದ್ದು.

ದೂರು ಕೊಡುವುದಕ್ಕಿಂತ ಹಾಡುವುದು ಮಗುವಿಗೆ ಸುಲಭವಾಗಲು ಕಾರಣಗಳಿವೆ. ದೂರಿಗೆ ಹೆಸರು, ದಿನಾಂಕ, ಸಾಕ್ಷಿ ಬೇಕು. ದೂರು ಕೊಟ್ಟವನು ಚಾಡಿಕೋರ ಎನಿಸಿಕೊಳ್ಳುತ್ತಾನೆ. ಹಾಡಿನಲ್ಲಿ ‘ನಾನು’ ಎನ್ನುವ ಬದಲು ‘ಅವಳು’ ಎನ್ನಬಹುದು, ನಡೆದದ್ದನ್ನು ಮಳೆಯೆಂದೋ ಗೋಡೆಯೆಂದೋ ಹೇಳಬಹುದು. ಚರಣ ಒಬ್ಬರದಾದರೆ ಪಲ್ಲವಿ ಎಲ್ಲರದು. ತಾನೊಬ್ಬಳೇ ಅನುಭವಿಸಿದ್ದು ಎಂದುಕೊಂಡಿದ್ದ ನೋವಿನ ಸಾಲನ್ನು ಹತ್ತು ಮಂದಿ ಒಟ್ಟಿಗೆ ಹಾಡಿದಾಗ ಆ ಒಂಟಿತನ ಒಡೆಯುತ್ತದೆ. ಧ್ವನಿಮುದ್ರಣ ಮುಗಿದು ತನ್ನದೇ ದನಿಯನ್ನು ಸ್ಪೀಕರಿನಲ್ಲಿ ಕೇಳಿದ ಮಗು, ತಾನು ಹೇಳಿದ್ದಕ್ಕೆ ತೂಕವಿದೆ ಎಂದು ಅರಿಯುತ್ತದೆ.

ನಮ್ಮ ಹೆಣ್ಣುಮಕ್ಕಳು ತಲೆತಲಾಂತರದಿಂದ ಬಲ್ಲ ವಿದ್ಯೆ ಇದು. ಅತ್ತೆಯ ಕಾಟ, ತವರಿನ ಹಂಬಲ, ಗಂಡನ ಉದಾಸೀನ, ಎದುರು ನಿಂತು ಆಡಲಾಗದ ಎಲ್ಲವೂ ಬೀಸುವ ಕಲ್ಲಿನ ಮುಂದೆ ಪದವಾಗಿ ಬಂತು. ಯಾರ ಹೆಸರನ್ನೂ ಎತ್ತದೆ ಮನೆಮಂದಿಗೆಲ್ಲ ಕೇಳಿಸಿತು.

ಹಾಡಿದರೆ ಕಾಟ ನಿಲ್ಲುತ್ತದೆಯೇ?

ಹಾಡೊಂದರಿಂದಲೇ ನಿಲ್ಲುವುದಿಲ್ಲ. ಆದರೆ ಕಾಟ ಯಾವ ಬಲದ ಮೇಲೆ ನಡೆಯುತ್ತದೆ ಎಂದು ತಿಳಿದರೆ ಹಾಡಿನ ಶಕ್ತಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಾಲ್ಲಿ ತೋರಿಸಿಕೊಟ್ಟಂತೆ, ಬುಲ್ಲಿಯಿಂಗ್ ಇಬ್ಬರ ನಡುವಿನ ವ್ಯವಹಾರ ಅಲ್ಲ. ಕಾಡುವವನ ಜೊತೆ ಕೈ ಸೇರಿಸುವವರು, ಪಕ್ಕದಲ್ಲಿ ನಿಂತು ನಗುವವರು, ನೋಡಿಯೂ ನೋಡದಂತೆ ಹೋಗುವವರು ಇರುತ್ತಾರೆ. ಕಾಡಿಸಿಕೊಂಡವನ ಪರ ನಿಲ್ಲುವವರು ಕಡಿಮೆ. ನಗುವವರು ನಗುವುದನ್ನು ನಿಲ್ಲಿಸಿದರೆ ಕಾಡುವವನ ಉತ್ಸಾಹವೂ ಇಳಿಯುತ್ತದೆ. ಈ ತಿಳಿವಳಿಕೆಯ ಮೇಲೆ ರೂಪಿಸಿದ ‘ಕಿವಾ’ ಕಾರ್ಯಕ್ರಮ 2009ರಿಂದ ಫಿನ್ಲೆಂಡಿನ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂತು.

ಹಾಡು ತಲುಪಬೇಕಾದ್ದು ಈ ನಡುವಿನವರನ್ನೇ. ಶಾಲೆಯ ಸಭೆಯಲ್ಲಿ ‘ಕೀಟಲೆ ಮಾಡಬೇಡಿ’ ಎಂಬ ಭಾಷಣವನ್ನು ಮಕ್ಕಳು ಮರುಗಳಿಗೆಯೇ ಮರೆಯುತ್ತಾರೆ. ತಮ್ಮದೇ ವಯಸ್ಸಿನವರ ದನಿಯಲ್ಲಿ, ತಮಗಿಷ್ಟವಾದ ಲಯದಲ್ಲಿ ಬಂದ ಸಾಲು ಬಾಯಲ್ಲಿ ಉಳಿಯುತ್ತದೆ. ಆ ಸಾಲನ್ನು ಗುನುಗುವವನಿಗೆ ಮರುದಿನ ಪಕ್ಕದ ಬೆಂಚಿನ ಹುಡುಗನನ್ನು ನೋಡಿ ನಗುವುದು ಅಷ್ಟು ಸಲೀಸಾಗುವುದಿಲ್ಲ.

ಕೇಳಬೇಕಾದ ಇನ್ನೊಂದು ಕಿವಿ ಸರ್ಕಾರದ್ದು. ಸ್ಕಾಟ್ಲೆಂಡ್ ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಿದೆ. ಅಲ್ಲಿ 1978ರಿಂದ ಕೆಲಸ ಮಾಡುತ್ತಿರುವ ‘ಹೂ ಕೇರ್ಸ್? ಸ್ಕಾಟ್ಲೆಂಡ್’ ಪಾಲನೆಯಲ್ಲಿರುವ ಮಕ್ಕಳ ದನಿಯನ್ನು ಆಡಳಿತಕ್ಕೆ ಮುಟ್ಟಿಸುತ್ತ ಬಂದ ಸಂಸ್ಥೆ. 2017ರಿಂದ 2020ರವರೆಗೆ ನಡೆದ ಸ್ವತಂತ್ರ ಪಾಲನಾ ಪರಿಶೀಲನೆ 5,500ಕ್ಕೂ ಹೆಚ್ಚು ಜನರ ಅನುಭವಗಳನ್ನು ಆಲಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಲನೆಯಲ್ಲಿದ್ದ ಅಥವಾ ಅಲ್ಲಿ ಬೆಳೆದ ಮಕ್ಕಳು, ಯುವಜನ. 2020ರ ಫೆಬ್ರವರಿಯಲ್ಲಿ ಬಂದ ‘ದ ಪ್ರಾಮಿಸ್’ ವರದಿ, ಈ ಮಕ್ಕಳಿಗೆ ಅಂಟುವ ಕಳಂಕವನ್ನು ವ್ಯವಸ್ಥೆಯೇ ತೊಳೆಯಬೇಕು ಎಂದಿತು. 2030ರೊಳಗೆ ಅದನ್ನು ಜಾರಿಗೆ ತರುವುದಾಗಿ ಅಲ್ಲಿನ ಸರ್ಕಾರ ಮಾತು ಕೊಟ್ಟಿದೆ.

ಎಚ್ಚರಿಕೆಯ ಮಾತೂ ಇದೆ. ಮಗುವಿನ ನೋವು ವೇದಿಕೆಯ ಸರಕಾಗಬಾರದು. ಹಾಡನ್ನು ಯಾರಿಗೆ ಕೇಳಿಸಬೇಕು, ಕೇಳಿಸಲೇಬೇಕೇ ಎಂಬುದನ್ನು ಬರೆದ ಮಗುವೇ ತೀರ್ಮಾನಿಸಬೇಕು. ಇಂದು ಒಪ್ಪಿದವಳಿಗೆ ನಾಳೆ ಬೇಡ ಎನ್ನುವ ಹಕ್ಕಿರಬೇಕು. ಹಾಡಿನಲ್ಲಿ ಗಂಭೀರ ಹಿಂಸೆಯ ಸುಳಿವು ಸಿಕ್ಕರೆ ಅಲ್ಲಿಗೆ ಸಂಗೀತಗಾರನ ಕೆಲಸ ನಿಂತು ಮಕ್ಕಳ ರಕ್ಷಣೆಯ ಕೆಲಸ ಶುರುವಾಗಬೇಕು. ಅನುದಾನ ಮುಗಿಯಿತೆಂದು ಕಮ್ಮಟದವರು ಒಮ್ಮೆಲೇ ಮಾಯವಾದರೆ, ಈಗಾಗಲೇ ಹಲವರು ಬಿಟ್ಟುಹೋದ ಮಗುವನ್ನು ಮತ್ತೊಬ್ಬರು ಬಿಟ್ಟುಹೋದಂತಾಗುತ್ತದೆ.

ನಮ್ಮ ಅಂಗಳದಲ್ಲಿ

ನಮ್ಮಲ್ಲಿ ಬಾಲಮಂದಿರಕ್ಕೋ ಅನಾಥಾಶ್ರಮಕ್ಕೋ ಹುಟ್ಟುಹಬ್ಬದ ಕೇಕು, ಹಣ್ಣು ಹಿಡಿದು ಹೋಗುವ ಒಳ್ಳೆಯ ಮನಸ್ಸಿನವರು ಬಹಳ. ಹೋದಾಗ ಮಕ್ಕಳು ಸಾಲಾಗಿ ನಿಂತು ಸ್ವಾಗತಗೀತೆ ಹಾಡುತ್ತಾರೆ. ಫೋಟೊ ತೆಗೆಯುತ್ತೇವೆ, ಕೆಲವರು ಫೇಸ್‌ಬುಕ್ಕಿಗೂ ಹಾಕುತ್ತಾರೆ. ಮರುದಿನ ಅದೇ ಫೋಟೊ ತರಗತಿಯಲ್ಲಿ ಆ ಹುಡುಗಿಯನ್ನು ಅಣಕಿಸಲು ಬಳಕೆಯಾಗಬಹುದು ಎಂದು ನಾವು ಯೋಚಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅದೇ ಕಾಯ್ದೆಯಡಿ 2016ರಲ್ಲಿ ಬಂದ ಮಾದರಿ ನಿಯಮಗಳು ಪ್ರತಿ ಪಾಲನಾ ಸಂಸ್ಥೆಯಲ್ಲೂ ಮಕ್ಕಳ ಸಮಿತಿ ಇರಬೇಕು ಎನ್ನುತ್ತವೆ. ಜೊತೆಯವರಿಂದಾಗಲಿ ಸಿಬ್ಬಂದಿಯಿಂದಾಗಲಿ ಆಗುವ ಶೋಷಣೆಯನ್ನು ತಿಳಿಸುವುದೂ, ಗೋಡೆ ಪತ್ರಿಕೆ, ಚಿತ್ರ, ಸಂಗೀತ, ನಾಟಕಗಳ ಮೂಲಕ ತಮ್ಮ ಅನಿಸಿಕೆ ಹೇಳುವುದೂ ಆ ಸಮಿತಿಯ ಕೆಲಸಗಳೇ. ಅಂದರೆ ಹಾಡು ಕಟ್ಟಿ ಕಾಟದ ವಿರುದ್ಧ ಮಾತಾಡಲು ನಮ್ಮ ನಿಯಮವೇ ದಾರಿ ಮಾಡಿಟ್ಟಿದೆ. ದೆಹಲಿಯಲ್ಲಿ 2008ರಲ್ಲಿ ಶುರುವಾದ ‘ಮ್ಯೂಸಿಕ್ ಬಸ್ತಿ’ ಆಶ್ರಯಧಾಮಗಳ ಮಕ್ಕಳ ಜೊತೆ ಸಂಗೀತ ಕಟ್ಟಿ ಇದು ನಮ್ಮ ನೆಲದಲ್ಲೂ ಆಗುವ ಕೆಲಸ ಎಂದು ತೋರಿಸಿತು. ಕರ್ನಾಟಕದಲ್ಲಿ ಶಿಬಿರ ನಡೆಸಿ ಪಳಗಿದ ರಂಗಕರ್ಮಿಗಳಿದ್ದಾರೆ, ತತ್ವಪದ ಹಾಡುವವರಿದ್ದಾರೆ, ಕನ್ನಡದಲ್ಲಿ ರ‍್ಯಾಪ್ ಬರೆಯುವ ಹುಡುಗರಿದ್ದಾರೆ. ಬಾಲಮಂದಿರದ ಬಾಗಿಲಿಗೂ ಇವರಿಗೂ ನಡುವೆ ಸೇತುವೆ ಕಟ್ಟಬೇಕಾದದ್ದು ಬಾಲಮಂದಿರಗಳನ್ನು ನೋಡಿಕೊಳ್ಳುವ ಇಲಾಖೆ. ಅದಕ್ಕೆ ದೊಡ್ಡ ಮೊತ್ತವೇನೂ ಬೇಡ. ವರ್ಷವಿಡೀ ತಪ್ಪದೆ ಬರುವ ಒಬ್ಬ ಮೇಷ್ಟ್ರು ಬೇಕು.

ಶಿಕ್ಷಕರಿಗೆ ಒಂದು ಬೇಡಿಕೆ. ತರಗತಿಯಲ್ಲಿ ‘ಹಾಸ್ಟೆಲ್ ಮಕ್ಕಳು ಎದ್ದು ನಿಲ್ಲಿ’, ‘ಬಾಲಮಂದಿರದವರು ಈ ಕಡೆ ಬನ್ನಿ’ ಎಂದು ಕರೆಯುವುದನ್ನು ಬಿಡಿ. ಹೀಯಾಳಿಸುವವನಿಗೆ ಗುರಿ ತೋರಿಸಿಕೊಡುವುದು ಎಷ್ಟೋ ಸಲ ನಮ್ಮ ಇಂಥ ಮಾತೇ. ಕಾಟಕ್ಕೆ ಸಿಕ್ಕ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ; ಹಗಲು ರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ ಅದು, ಕರೆಗೆ ಹಣವಿಲ್ಲ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಬಾಲಮಂದಿರಕ್ಕೆ ಹೋದಾಗ ಮಕ್ಕಳಿಂದ ಸ್ವಾಗತಗೀತೆ ಹಾಡಿಸಬೇಡಿ. ಕೇಕಿನ ದುಡ್ಡಿನಲ್ಲಿ ಒಂದು ಹಾರ್ಮೋನಿಯಮ್ಮೋ, ಗಿಟಾರೋ, ಧ್ವನಿಮುದ್ರಣದ ಪುಟ್ಟ ಯಂತ್ರವೋ ಕೊಡಿ. ಸಂಗೀತ ಬಲ್ಲವರಾದರೆ ವಾರಕ್ಕೊಂದು ಗಂಟೆ ಕೊಡಿ. ಮಕ್ಕಳು ಬರೆದದ್ದರಲ್ಲಿ ನಮ್ಮನ್ನು ಹೊಗಳುವ ಸಾಲು ಇಲ್ಲದಿರಬಹುದು, ನಮ್ಮ ತಪ್ಪನ್ನೇ ಎತ್ತಿ ಹೇಳುವ ಸಾಲೂ ಬರಬಹುದು. ಅದನ್ನು ಕೊನೆಯವರೆಗೂ ಕೂತು ಕೇಳಿ.